ಬಡಗಿ ಅಪ್ಪನ ಮಗಳು: ಮನುಕಾವ್‌ನ ಜಾಗ ಹೋಯ್ತು, ಕಲಿತ ಭಾಷೆ ಕೊನೆವರೆಗೂ ಉಳಿಯಿತು

ದುಬೈನಿಂದ ಆಕ್ಲೆಂಡ್‌ಗೆ ನೇರ ವಿಮಾನ ಹತ್ತಿದರೆ ಸುಮಾರು 16 ಗಂಟೆ ಪ್ರಯಾಣ. ಇಳಿಯುವ ವಿಮಾನ ನಿಲ್ದಾಣ ಇರೋದು ಮಾಂಗೆರೆಯಲ್ಲಿ, ಮನುಕಾವ್ ಕೊಲ್ಲಿಯ ದಡದಲ್ಲಿ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಪಾಪಾಟೊಯ್‌ಟೊಯ್, ಓಟಾರಾ, ಮನುರೇವಾ ಸಿಗುತ್ತವೆ. ಭಾರತೀಯ ಅಂಗಡಿ, ಹೋಟೆಲು, ಗುರುದ್ವಾರ, ದೇವಸ್ಥಾನ, ಚರ್ಚು ಎಲ್ಲವೂ ಇರುವ ಬಡಾವಣೆಗಳು ಇವು. ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ನ್ಯೂಜಿಲೆಂಡ್‌ಗೆ ಹೋದ ನಮ್ಮವರಿಗೂ ಈ ಹೆಸರುಗಳು ಹೊಸದೇನಲ್ಲ.

ಈ ಬಡಾವಣೆಗಳು ನಿಂತಿರುವ ನೆಲ ಒಂದು ಕಾಲದಲ್ಲಿ ಒಬ್ಬ ಬಡಗಿಯ ಹೆಸರಿನಲ್ಲಿತ್ತು. ಆತ ಇಂಗ್ಲೆಂಡಿನಿಂದ ಮಿಷನರಿ ಕೆಲಸಕ್ಕೆ ಬಂದವರು, ಹೆಸರು ವಿಲಿಯಂ ಥಾಮಸ್ ಫೇರ್‌ಬರ್ನ್. ಹಡಗಿನಲ್ಲಿ ಹೆಂಡತಿ ಸಾರಾಳನ್ನೂ ಕರಕೊಂಡು ಬಂದು, ಕಾಡಿನ ನಡುವೆ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿದರು. ಅವರ ಮಗಳು ಎಲಿಜಬೆತ್. ಮದುವೆಯಾದ ಮೇಲೆ ಎಲಿಜಬೆತ್ ಕೋಲೆನ್ಸೊ ಎಂದು ನ್ಯೂಜಿಲೆಂಡ್ ಚರಿತ್ರೆಯಲ್ಲಿ ಹೆಸರಾದರು. ಶಿಕ್ಷಕಿ, ದುಭಾಷಿ, ಅನುವಾದಕಿ, ಇಬ್ಬರು ಮಕ್ಕಳನ್ನು ತನ್ನ ದುಡಿಮೆಯಿಂದ ಸಾಕಿದ ತಾಯಿ. ಅಪ್ಪ ಅಮ್ಮ ಬಿಟ್ಟುಹೋದ ಆಸ್ತಿಯಲ್ಲಿ ಅವರ ಕೈಲಿ ಕೊನೆವರೆಗೂ ಉಳಿದದ್ದು ಯಾವುದು ಅಂತ ನೋಡಿದರೆ ಅವರ ಬದುಕು ಅರ್ಥವಾಗುತ್ತದೆ.

ಉಳಿ ಸುತ್ತಿಗೆ ಹಿಡಿದು ಬಂದವರು

ನ್ಯೂಜಿಲೆಂಡ್‌ನಲ್ಲಿ ಮಿಷನರಿ ಕೆಲಸ ಶುರುವಾದದ್ದು 1814ರಲ್ಲಿ. ಆ ವರ್ಷದ ಕ್ರಿಸ್ಮಸ್ ದಿನ ಸ್ಯಾಮ್ಯುಯೆಲ್ ಮಾರ್ಸ್‌ಡೆನ್ ಎಂಬ ಪಾದ್ರಿ ಉತ್ತರ ತುದಿಯ ಬೇ ಆಫ್ ಐಲೆಂಡ್ಸ್‌ನಲ್ಲಿ ಮೊದಲ ಪ್ರವಚನ ಮಾಡಿದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಬರೀ ಬೋಧನೆ ಮಾಡುವವರು ಬಂದರೆ ಸಾಲದು. ಮನೆ ಕಟ್ಟುವವರು, ಹೊಲ ಉಳುವವರು, ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು ಬೇಕು. ಹಾಗಾಗಿ ಚರ್ಚ್ ಮಿಷನರಿ ಸೊಸೈಟಿ ಕಳಿಸಿದ ಮೊದಲಿಗರಲ್ಲಿ ಪಾದ್ರಿಗಳಿಗಿಂತ ಕೈಕೆಲಸದವರೇ ಹೆಚ್ಚು. ಫೇರ್‌ಬರ್ನ್ ದಂಪತಿ 1819ರಲ್ಲಿ ಹೀಗೇ ಬಂದರು.

ಕೆರಿಕೆರಿ ಎಂಬಲ್ಲಿ 1821-22ರಲ್ಲಿ ಕಟ್ಟಿದ ಒಂದು ಮರದ ಮನೆ ಇವತ್ತಿಗೂ ನಿಂತಿದೆ. ನ್ಯೂಜಿಲೆಂಡ್‌ನಲ್ಲಿ ಉಳಿದಿರುವ ಅತ್ಯಂತ ಹಳೆಯ ಯುರೋಪಿಯನ್ ಮಾದರಿಯ ಕಟ್ಟಡ ಅದು. ಕಟ್ಟಿದ ಬಡಗಿಗಳಲ್ಲಿ ಫೇರ್‌ಬರ್ನ್ ಕೂಡ ಒಬ್ಬರು, ಮಾವೋರಿ ಕೆಲಸಗಾರರು ಜೊತೆಗಿದ್ದರು. ಅದೇ 1821ರಲ್ಲಿ, ಅದೇ ಕೆರಿಕೆರಿಯಲ್ಲಿ ಎಲಿಜಬೆತ್ ಹುಟ್ಟಿದಳು. ಸುತ್ತಮುತ್ತ ಬಿಳಿಯರ ಮನೆಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮಾವೋರಿ ಜನ.

ಮಗು ಎರಡು ಭಾಷೆಯಲ್ಲಿ ಮಾತು ಕಲಿತಳು. ಮನೆಯಲ್ಲಿ ಇಂಗ್ಲಿಷ್, ಅಂಗಳಕ್ಕೆ ಕಾಲಿಟ್ಟರೆ ಮಾವೋರಿ. ಗಲ್ಫ್‌ನಲ್ಲಿ ಹುಟ್ಟಿದ ನಮ್ಮ ಮಕ್ಕಳು ಅಮ್ಮನ ಹತ್ತಿರ ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಲಿಫ್ಟ್‌ನಲ್ಲಿ ಸಿಕ್ಕಿದವರ ಹತ್ತಿರ ಹಿಂದಿ, ಅರಬಿ ಮಾತಾಡ್ತಾರಲ್ಲ, ಹಾಗೆ. ಅಪ್ಪ ಅಮ್ಮ ದೊಡ್ಡವರಾದ ಮೇಲೆ ಕಷ್ಟಪಟ್ಟು ಕಲಿತ ಭಾಷೆ ಮಗಳಿಗೆ ಆಟದ ಜೊತೆಗೇ ಬಂತು.

1823ರಲ್ಲಿ ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿ ಕುಟುಂಬ ಸಮೇತ ಬಂದು ಪೈಹಿಯಾದಲ್ಲಿ ಹೊಸ ಮಿಷನ್ ಕಟ್ಟಿದರು. ಅವರ ಹೆಂಡತಿ ಮೇರಿಯಾನ್ ಮತ್ತು ಓರಗಿತ್ತಿ ಜೇನ್ ಇಬ್ಬರೂ ಸೇರಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಎಲಿಜಬೆತ್ ಓದಿದ್ದು ಅಲ್ಲೇ. ಓದು, ಬರಹ, ಲೆಕ್ಕ, ಹೊಲಿಗೆ, ಮನೆವಾರ್ತೆ ಎಲ್ಲವನ್ನೂ ಕಲಿಸುತ್ತಿದ್ದರು. ಸ್ವಲ್ಪ ದೊಡ್ಡವಳಾದ ಕೂಡಲೇ ಚಿಕ್ಕವರಿಗೆ ಕಲಿಸುವ ಕೆಲಸವೂ ಹೆಗಲಿಗೆ ಬಂತು. ಮಿಷನರಿ ಮನೆಯಲ್ಲಿ ಮಕ್ಕಳು ಸುಮ್ಮನೆ ಕೂರುವ ಹಾಗಿರಲಿಲ್ಲ. ಅಪ್ಪನಿಗೆ ಕೊಡುವ ಸಂಬಳ ಒಬ್ಬರಿಗೆ, ಕೆಲಸ ಮಾಡುವವರು ಮನೆಮಂದಿಯೆಲ್ಲ.

ಮನುಕಾವ್ ನೆಲದ ಕಥೆ

1833ರ ಕೊನೆಗೆ ಫೇರ್‌ಬರ್ನ್ ಮತ್ತು ಇತರ ಕೆಲವರು ದಕ್ಷಿಣಕ್ಕೆ ಹೋಗಿ ಪುರಿರಿ ಎಂಬಲ್ಲಿ ಮಿಷನ್ ತೆರೆದರು. ಮುಂದಿನ ವರ್ಷ, 1834ರಲ್ಲಿ, ಇತ್ತ ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರುವಾಯಿತು. ಎರಡೂ ಕಡೆ ಒಂದೇ ಕಾಲ, ಒಂದೇ ರೀತಿಯ ಜನ: ದೂರದ ಊರಿಂದ ಬಂದು, ಊಟಕ್ಕಿಂತ ಮೊದಲು ಭಾಷೆ ಕಲಿಯಲು ಹೊರಟವರು.

ಆಗ ಇಂದಿನ ಆಕ್ಲೆಂಡ್, ಮನುಕಾವ್ ಪ್ರದೇಶ ಬಹುತೇಕ ಖಾಲಿ ಬಿದ್ದಿತ್ತು. 1820ರ ದಶಕದಲ್ಲಿ ಬಂದೂಕು ಹಿಡಿದ ಉತ್ತರದ ಬುಡಕಟ್ಟುಗಳು ದಂಡೆತ್ತಿ ಬಂದಾಗ ಇಲ್ಲಿನವರು ಜೀವ ಉಳಿಸಿಕೊಳ್ಳಲು ದೂರ ಹೋಗಿದ್ದರು. ಹತ್ತು ಹದಿನೈದು ವರ್ಷ ಆದ ಮೇಲೆ ಒಬ್ಬೊಬ್ಬರಾಗಿ ವಾಪಸ್ ಬರತೊಡಗಿದರು. ಈ ನೆಲ ಯಾರದ್ದು ಎಂಬ ಜಗಳ ಮತ್ತೆ ಹೊತ್ತಿಕೊಳ್ಳುವ ಭಯ ಇತ್ತು. 1836ರ ಜನವರಿಯಲ್ಲಿ ಬುಡಕಟ್ಟುಗಳ ನಡುವೆ ರಾಜಿ ಮಾತುಕತೆ ನಡೆಯಿತು. ಹೆನ್ರಿ ವಿಲಿಯಮ್ಸ್ ಮತ್ತು ಫೇರ್‌ಬರ್ನ್ ನಡುವೆ ನಿಂತರು. ಕೊನೆಗೆ ಒಂದು ಪತ್ರಕ್ಕೆ ಸಹಿ ಬಿತ್ತು: ಜಗಳದ ನೆಲವನ್ನು ಫೇರ್‌ಬರ್ನ್ ಕೊಳ್ಳುವುದು, ಯಾರೂ ಹೊಡೆದಾಡದೆ ಅಲ್ಲಿ ಬಾಳುವುದು. ಬೆಲೆಯಾಗಿ ಕೊಟ್ಟದ್ದು ಕಂಬಳಿ, ಬಾಚಿ, ಗುದ್ದಲಿ, ಸಲಿಕೆ, ತಂಬಾಕು.

ಓಟಾಹುಹುನಿಂದ ಪಾಪಕುರಾವರೆಗೆ, ತಾಮಕಿ ನದಿಯಿಂದ ವೈರೋವಾ ನದಿಯವರೆಗೆ ಹರಡಿದ ಆ ಜಾಗ ಸುಮಾರು 40,000 ಎಕರೆ ಇರಬಹುದು ಅಂತ ಆಗ ಅಂದಾಜಿಸಿದ್ದರು. ಆಮೇಲೆ ಅಳತೆ ಮಾಡಿದಾಗ 80,000 ಎಕರೆಗೂ ಮಿಕ್ಕಿತ್ತು. ತಿಂಗಳ ಸಂಬಳದ ಬಡಗಿಯ ಹೆಸರಿಗೆ ಇಷ್ಟು ದೊಡ್ಡ ಜಮೀನು. ಸಮಾಧಾನ ತರೋದಕ್ಕೆ ಕೊಂಡೆ ಅಂತ ಫೇರ್‌ಬರ್ನ್ ಹೇಳಿದರೂ, ಮಿಷನರಿಗಳು ಜಮೀನುದಾರರಾಗುತ್ತಿದ್ದಾರೆ ಎಂಬ ಟೀಕೆ ಲಂಡನ್‌ವರೆಗೂ ಹೋಯಿತು. 1837ರಲ್ಲಿ ಅವರು ಮೂರನೇ ಒಂದು ಭಾಗವನ್ನು ಮೂಲದವರಿಗೆ ಬಿಟ್ಟುಕೊಡುವುದಾಗಿ ಬರೆದುಕೊಟ್ಟರು. ಆ ಮಾತು ನಡೆಯಲಿಲ್ಲ.

ಅದೇ ಹೊತ್ತಿಗೆ ಕುಟುಂಬ ಮರೈತಾಯ್‌ಗೆ ಬಂದು ನೆಲೆಸಿತು. ಇದು ಹಳೆಯ ಮನುಕಾವ್ ಸಿಟಿಯ ಪೂರ್ವದ ಅಂಚಿನಲ್ಲಿರುವ ಕಡಲತೀರ. ಅಪ್ಪ ಮಿಷನ್ ನಡೆಸಿದರೆ, ಹದಿಹರೆಯದ ಎಲಿಜಬೆತ್ ಮಾವೋರಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು. ಪುಸ್ತಕ ಕಮ್ಮಿ, ಸ್ಲೇಟು ಕಮ್ಮಿ. ಆದರೆ ಟೀಚರ್‌ಗೆ ಮಕ್ಕಳ ಭಾಷೆ ಮಕ್ಕಳಷ್ಟೇ ಚೆನ್ನಾಗಿ ಬರ್ತಿತ್ತು.

1840ರ ಫೆಬ್ರವರಿಯಲ್ಲಿ ವೈಟಾಂಗಿ ಒಪ್ಪಂದ ಆಗಿ ನ್ಯೂಜಿಲೆಂಡ್ ಬ್ರಿಟಿಷರ ಕೈಸೇರಿತು. ಹಿಂದೆ ಆದ ಭೂಮಿ ಖರೀದಿಗಳನ್ನೆಲ್ಲ ಸರಕಾರ ತನಿಖೆ ಮಾಡಿತು. ಫೇರ್‌ಬರ್ನ್‌ಗೆ ಕೆಲವೇ ಸಾವಿರ ಎಕರೆ ಸಿಕ್ಕಿತು. ಉಳಿದದ್ದು ಮೂಲದ ಮಾವೋರಿಗಳಿಗೆ ಹೋಗಬೇಕಿತ್ತಲ್ವ? ಹೋಗಲಿಲ್ಲ. ಹೆಚ್ಚುವರಿ ಭೂಮಿ ಅಂತ ಹೆಸರಿಟ್ಟು ಸರಕಾರವೇ ಬಹುಪಾಲನ್ನು ಇಟ್ಟುಕೊಂಡು, ಬಂದ ವಲಸಿಗರಿಗೆ ಹಂಚಿತು, ಮಾರಿತು. ಫೇರ್‌ಬರ್ನ್ 1840ರ ದಶಕದ ಆರಂಭದಲ್ಲಿ ಮಿಷನ್ ಕೆಲಸ ಬಿಟ್ಟರು. ಇಪ್ಪತ್ತು ವರ್ಷದ ದುಡಿಮೆಗೆ ಅಂಟಿದ ಕಲೆಯಾಗಿ ಈ ಜಮೀನಿನ ವಿಷಯ ಉಳಿಯಿತು.

ಮುದ್ರಣಾಲಯದವನ ಜೊತೆ ಮದುವೆ

ಆ ಕಾಲಕ್ಕೆ ಪೈಹಿಯಾದಲ್ಲಿ ವಿಲಿಯಂ ಕೋಲೆನ್ಸೊ ಎಂಬ ಮುದ್ರಕ ಇದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. 1834ರ ಡಿಸೆಂಬರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಜೊತೆ ಹಡಗಿಳಿದಾಗ, ಪೆಟ್ಟಿಗೆ ಬಿಚ್ಚಿ ನೋಡಿದರೆ ಕಾಗದವೇ ಇರಲಿಲ್ಲ, ಅಚ್ಚುಮೊಳೆ ಜೋಡಿಸುವ ಸಾಮಾನೂ ಇರಲಿಲ್ಲ. ಕಂಪನಿ ಕಳಿಸಿದ ಸಾಮಾನಿನಲ್ಲಿ ಮುಖ್ಯವಾದದ್ದೇ ಇಲ್ಲದಿದ್ದರೆ ಏನಾಗುತ್ತದೆ ಅಂತ ಸೈಟಿನಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಬೇಕಾದ್ದನ್ನು ಅಲ್ಲೇ ಮಾಡಿಸಿಕೊಂಡು, ಕಾಗದ ಬೇಡಿ ತಂದು, ಕೋಲೆನ್ಸೊ ಕೆಲಸ ಶುರು ಮಾಡಿದರು. 1837ರ ಕೊನೆಗೆ ಮಾವೋರಿ ಭಾಷೆಯ ಹೊಸ ಒಡಂಬಡಿಕೆಯ 5,000 ಪ್ರತಿ ಮುದ್ರಿಸಿ ಮುಗಿಸಿದರು. ವೈಟಾಂಗಿ ಒಪ್ಪಂದದ ಮಾವೋರಿ ಪ್ರತಿಯನ್ನು ಅಚ್ಚು ಹಾಕಿದ್ದೂ ಅವರೇ. ಸಹಿ ಹಾಕುತ್ತಿರುವ ಮುಖಂಡರಿಗೆ ಅದರ ಅರ್ಥ ಪೂರ್ತಿ ಗೊತ್ತಾಗಿದೆಯೇ ಅಂತ ಗವರ್ನರ್ ಮುಂದೆಯೇ ಸಂಶಯ ಎತ್ತಿದವರು ಕೂಡ.

ಕೋಲೆನ್ಸೊಗೆ ಪಾದ್ರಿ ಆಗುವ ಆಸೆ. ಹೊಸದಾಗಿ ಬಂದ ಬಿಷಪ್ ಸೆಲ್ವಿನ್, ಒಂಟಿಯಾಗಿ ದೂರದ ಮಿಷನ್ ನಡೆಸುವುದು ಸರಿಯಲ್ಲ, ಮದುವೆಯಾಗಬೇಕು ಎಂಬ ಅಭಿಪ್ರಾಯದವರು. ಮಾವೋರಿ ಬಲ್ಲ, ಶಾಲೆ ನಡೆಸಬಲ್ಲ ಹುಡುಗಿ ಬೇಕಾಗಿತ್ತು. ಅಂಥವರು ಇಡೀ ದೇಶದಲ್ಲಿ ಕೆಲವೇ ಜನ. 1843ರ ಏಪ್ರಿಲ್ 27ರಂದು ವೈಮಾತೆಯಲ್ಲಿ ಎಲಿಜಬೆತ್ ಮತ್ತು ಕೋಲೆನ್ಸೊ ಮದುವೆ ನಡೆಯಿತು. ಪ್ರೀತಿಯಿಂದ ಆದ ಮದುವೆ ಅಲ್ಲ. ಕೆಲಸಕ್ಕೆ ಕೆಲಸ ಕೂಡಿಸಿದ ಸಂಬಂಧ.

ಅದೇ 1843ರ ಜುಲೈನಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರತಂದರು. ಭೂಮಿಯ ಎರಡು ತುದಿಯಲ್ಲಿ ಎರಡು ಮಿಷನ್ ಪ್ರೆಸ್‌ಗಳು ಎರಡು ಭಾಷೆಗೆ ಹೊಸ ಪುಟ ಕೊಡುತ್ತಿದ್ದ ಕಾಲ ಅದು. ಪುಸ್ತಕದ ಮೇಲೆ ಗಂಡಸರ ಹೆಸರು ಬಂತು. ಮನೆಯೊಳಗೆ ಶಾಲೆ ನಡೆಸಿ, ಭಾಷೆ ತಿದ್ದಿ, ಮಕ್ಕಳನ್ನು ಹೆತ್ತು, ಕೆಲವೊಮ್ಮೆ ಹೂಳಿ ಬಾಳಿದ ಹೆಂಗಸರ ಹೆಸರು ಹೆಚ್ಚಾಗಿ ಬರಲಿಲ್ಲ.

1844ರ ಡಿಸೆಂಬರ್‌ನಲ್ಲಿ ಕೈಗೂಸು ಫ್ರಾನ್ಸಿಸ್‌ಳನ್ನು ಎತ್ತಿಕೊಂಡು ಎಲಿಜಬೆತ್ ಅವರು ಗಂಡನ ಜೊತೆ ಅಹುರಿರಿಗೆ ಹೋದರು. ಇಂದಿನ ನೇಪಿಯರ್ ನಗರದ ಹತ್ತಿರದ ಜಾಗ ಅದು. ಮಿಷನ್‌ಗೆ ಸಿಕ್ಕಿದ ನೆಲ ಜೌಗು, ಮಳೆ ಬಂದರೆ ನೆರೆ. ಮುಂದಿನ ವರ್ಷ ಮಗ ಲಾಟಿಮರ್ ಹುಟ್ಟಿದ. ಕೋಲೆನ್ಸೊ ವಾರಗಟ್ಟಲೆ ಕಾಲ್ನಡಿಗೆಯಲ್ಲಿ ಬೆಟ್ಟ ದಾಟಿ ಹಳ್ಳಿಗಳಿಗೆ ಹೋಗುತ್ತಿದ್ದರು, ದಾರಿಯಲ್ಲಿ ಗಿಡಮೂಲಿಕೆ ಸಂಗ್ರಹಿಸುತ್ತಿದ್ದರು. ಮನೆ, ಮಕ್ಕಳು, ಶಾಲೆ, ಬಂದ ರೋಗಿಗಳು, ಅತಿಥಿಗಳು ಎಲ್ಲರನ್ನೂ ನೋಡಿಕೊಂಡದ್ದು ಎಲಿಜಬೆತ್.

ಮನೆ ಒಡೆದ ವರ್ಷಗಳು

1850ರಲ್ಲಿ ಆ ಮನೆಯಲ್ಲಿ ಕೆಲಸಕ್ಕಿದ್ದ ರಿಪೆಕಾ ಎಂಬ ಮಾವೋರಿ ಯುವತಿ ಗಂಡುಮಗುವನ್ನು ಹೆತ್ತಳು. ಮಗುವಿನ ಹೆಸರು ವಿರೇಮು. ತಂದೆ ಕೋಲೆನ್ಸೊ ಎಂಬುದು ಕೆಲವು ಸಮಯದ ನಂತರ ಹೊರಬಿತ್ತು.

ಎಲಿಜಬೆತ್ ಅವರಿಗೆ ಆಗ ಮೂವತ್ತು ವರ್ಷ. ತವರು ದೂರ, ಅಕ್ಕಪಕ್ಕದಲ್ಲಿ ಹೇಳಿಕೊಳ್ಳಲು ಜನ ಇಲ್ಲ. ಅವರು ಗಂಡನನ್ನು ಕ್ಷಮಿಸಿದರು ಅಂತ ಹೇಳೋಕಾಗಲ್ಲ. ಆದರೆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಳ್ಳಲಿಲ್ಲ. ವಿರೇಮುವನ್ನು ತನ್ನ ಮನೆಯಲ್ಲೇ ನೋಡಿಕೊಂಡರು, ಹಚ್ಚಿಕೊಂಡರು. ಅಪ್ಪ ಮಾಡಿದ ತಪ್ಪಿಗೆ ಮಗು ಏನು ಮಾಡೀತು ಎಂಬುದು ಅವರ ನಡತೆಯಲ್ಲೇ ಕಾಣಿಸಿತು. ಆ ಹುಡುಗ ಮುಂದೆ ದೊಡ್ಡವನಾಗಿ ತಂದೆಯ ಊರಾದ ಕಾರ್ನ್‌ವಾಲ್‌ಗೆ ಹೋಗಿ ಅಲ್ಲೇ ಬದುಕಿದ.

ಸುದ್ದಿ ಬಿಷಪ್‌ಗೆ ತಲುಪಿ 1852ರಲ್ಲಿ ಕೋಲೆನ್ಸೊ ಕೆಲಸ ಕಳಕೊಂಡರು. ಮುಂದಿನ ವರ್ಷ ಎಲಿಜಬೆತ್ ಅವರು ಫ್ರಾನ್ಸಿಸ್ ಮತ್ತು ಲಾಟಿಮರ್ ಇಬ್ಬರನ್ನೂ ಕರಕೊಂಡು ಆಕ್ಲೆಂಡ್‌ಗೆ ಹೊರಟರು. ವಿಚ್ಛೇದನ ಆಗಲಿಲ್ಲ, ಆದರೆ ಮತ್ತೆ ಒಟ್ಟಿಗೆ ಬಾಳಲಿಲ್ಲ. ಅಪ್ಪನ ಹೆಸರಿಗೆ ಜಮೀನಿನ ಕಲೆ, ಗಂಡನ ಹೆಸರಿಗೆ ಇನ್ನೊಂದು ಕಲೆ. ಎರಡೂ ಹೆಸರು ಹೊತ್ತುಕೊಂಡು, ಎರಡು ಮಕ್ಕಳನ್ನು ಸಾಕಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮಿಷನ್ ಎಂಬ ಮಾತೇ ಬೇಡ ಅಂತಿದ್ದರೇನೋ.

ಎಲಿಜಬೆತ್ ಹಾಗೆ ಮಾಡಲಿಲ್ಲ. 1854ರಲ್ಲಿ ವೈಕಾಟೊ ನದಿ ದಡದ ತೌಪಿರಿಯಲ್ಲಿ ಬೆಂಜಮಿನ್ ಆಶ್ವೆಲ್ ಎಂಬ ಪಾದ್ರಿ ನಡೆಸುತ್ತಿದ್ದ ವಸತಿ ಶಾಲೆಗೆ ಟೀಚರ್ ಆಗಿ ಸೇರಿದರು. ಆಗ ವೈಕಾಟೊದಲ್ಲಿ ದೊಡ್ಡ ಬದಲಾವಣೆ ಆಗುತ್ತಿತ್ತು. ನೆಲ ಕೈತಪ್ಪುವುದನ್ನು ನಿಲ್ಲಿಸಬೇಕು ಅಂತ ಬುಡಕಟ್ಟುಗಳು ಒಂದಾಗಿ 1858ರಲ್ಲಿ ತಮ್ಮದೇ ರಾಜನನ್ನು ಆರಿಸಿಕೊಂಡವು. ಮೊದಲ ರಾಜ ಪೊಟಟಾವ್ ತೆ ವೆರೊವೆರೊ. ಅಪ್ಪನ ಕಾಲದಲ್ಲಿ ಕಂಬಳಿ, ಗುದ್ದಲಿಗೆ ಕೈಬದಲಾದ ನೆಲದ ಪ್ರಶ್ನೆ ಈಗ ಮಗಳ ಶಾಲೆಯ ಬಾಗಿಲಿಗೇ ಬಂದು ನಿಂತಿತ್ತು. ಸುಮಾರು ಆರು ವರ್ಷ ಅಲ್ಲೇ ಕಲಿಸಿದರು. 1863ರಲ್ಲಿ ಬ್ರಿಟಿಷ್ ಸೈನ್ಯ ವೈಕಾಟೊ ಮೇಲೆ ನುಗ್ಗಿದಾಗ ಅಂಥ ಶಾಲೆಗಳ ಕಾಲವೇ ಮುಗಿಯಿತು.

ನೋಡದ ಊರಿಗೆ ವಾಪಸ್

1860ರಲ್ಲಿ ಮಕ್ಕಳ ಓದಿಗಾಗಿ ಎಲಿಜಬೆತ್ ಅವರು ಇಂಗ್ಲೆಂಡ್‌ಗೆ ಹೊರಟರು. ಎಲ್ಲರೂ ಅದನ್ನು ಸ್ವಂತ ಊರು ಅಂತ ಕರೆಯುತ್ತಿದ್ದರು. ಹುಟ್ಟಿದ್ದು ಮಾತ್ರ ಕೆರಿಕೆರಿಯಲ್ಲಿ. ನಲವತ್ತರ ಹತ್ತಿರದಲ್ಲಿ ಅಪ್ಪ ಅಮ್ಮನ ಊರಿಗೆ ಹೋದರು. ಗಲ್ಫ್‌ನಲ್ಲಿ ಹುಟ್ಟಿ ಬೆಳೆದು, ಕಾಲೇಜಿಗೆ ಅಂತ ಉಡುಪಿಗೋ ಕಾಸರಗೋಡಿಗೋ ಹೋಗುವ ಮಕ್ಕಳಿಗೆ ಈ ಭಾವನೆ ಗೊತ್ತು. ಊರು ನಮ್ಮದೇ, ಆದರೆ ದಾರಿ ಕೇಳಬೇಕು.

ಅಲ್ಲಿ ಅವರ ಕೈಹಿಡಿದದ್ದು ಮಾವೋರಿ ಭಾಷೆ. ಆ ಹೊತ್ತಿಗೆ ಮಾವೋರಿ ಬೈಬಲಿನ ಪೂರ್ಣ ಆವೃತ್ತಿ ಲಂಡನ್‌ನಲ್ಲಿ ಮುದ್ರಣವಾಗುತ್ತಿತ್ತು. ಹಳೆ ಒಡಂಬಡಿಕೆಯನ್ನು ಮಾವೋರಿಗೆ ತಂದವರು ರಾಬರ್ಟ್ ಮಾನ್ಸೆಲ್ ಮುಂತಾದವರು, ಅವರು ನ್ಯೂಜಿಲೆಂಡ್‌ನಲ್ಲಿ. ಅಚ್ಚು ಜೋಡಿಸುವವರು ಲಂಡನ್‌ನಲ್ಲಿ, ಅವರಿಗೆ ಮಾವೋರಿಯ ಗಂಧಗಾಳಿ ಇಲ್ಲ. ಕರಡಚ್ಚು ಹಡಗಿನಲ್ಲಿ ಹೋಗಿ ತಿದ್ದಿ ಬರಬೇಕೆಂದರೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಪ್ರೂಫ್ ನೋಡುವ ಕೆಲಸದಲ್ಲಿ ಎಲಿಜಬೆತ್ ಅವರ ಸಹಾಯ ಪಡೆದರು. ಒಂದು ಅಕ್ಷರ ತಪ್ಪಿದರೆ ಅರ್ಥವೇ ಬೇರೆ. ಸಾಲು ಸಾಲಾಗಿ, ಪದ ಪದವಾಗಿ ಓದಿ ತಿದ್ದಿದರು. 1868ರಲ್ಲಿ ಪೂರ್ಣ ಮಾವೋರಿ ಬೈಬಲ್ ಒಂದೇ ಸಂಪುಟದಲ್ಲಿ ಹೊರಬಂತು. ಗಂಡ ಹೊಸ ಒಡಂಬಡಿಕೆಯನ್ನು ಪೈಹಿಯಾದಲ್ಲಿ ಅಚ್ಚು ಹಾಕಿದ್ದರು, ಹೆಂಡತಿ ಪೂರ್ಣ ಗ್ರಂಥವನ್ನು ಲಂಡನ್‌ನಲ್ಲಿ ತಿದ್ದಿ ಕೊಟ್ಟರು. ಮಧ್ಯೆ ಮೂವತ್ತು ವರ್ಷ, ಒಡೆದ ಒಂದು ಸಂಸಾರ.

1863ರಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡು ಬಂತು. ವಿಲಿಯಂ ಜೆಂಕಿನ್ಸ್ ಎಂಬಾತ ಮಾವೋರಿಗಳ ಒಂದು ತಂಡವನ್ನು ಇಂಗ್ಲೆಂಡಿಗೆ ಕರಕೊಂಡು ಬಂದಿದ್ದ. ಊರೂರು ಸುತ್ತಿಸಿ ಸಭೆ ಮಾಡಿ ಹಣ ಎತ್ತುವ ಯೋಜನೆ. ಕೆಲವೇ ತಿಂಗಳಲ್ಲಿ ತಂಡದಲ್ಲಿ ಜಗಳ, ಹಣದ ತಾಪತ್ರಯ, ಚಳಿ, ಕಾಯಿಲೆ. ಏಜೆಂಟನನ್ನು ನಂಬಿ ಪರದೇಶಕ್ಕೆ ಬಂದು ಸಿಕ್ಕಿಹಾಕಿಕೊಂಡವರ ಕಥೆ ಎಲ್ಲ ಕಾಲದಲ್ಲೂ ಒಂದೇ ಥರ. ಆ ತಂಡದಲ್ಲಿದ್ದ ಹರೆ ಪೊಮಾರೆ ಮತ್ತು ಹೆಂಡತಿ ಹರಿಯಾತ ದಂಪತಿಗೆ ಮಗು ಹುಟ್ಟುವ ಸಮಯ. ಭಾಷೆ ಬಲ್ಲವರು ಜೊತೆಗಿರಬೇಕಿತ್ತು. ಎಲಿಜಬೆತ್ ದುಭಾಷಿಯಾದರು.

ಮಗು ಹುಟ್ಟಿತು. ವಿಕ್ಟೋರಿಯಾ ರಾಣಿ ಆ ಮಗುವಿಗೆ ಜ್ಞಾನಸ್ನಾನದ ಅಮ್ಮನಾಗಲು ಒಪ್ಪಿದರು. ಆಲ್ಬರ್ಟ್ ವಿಕ್ಟರ್ ಎಂದು ಹೆಸರಿಟ್ಟರು. ಪೊಮಾರೆ ದಂಪತಿ ರಾಣಿಯನ್ನು ಕಾಣಲು ಹೋದಾಗ ನಡುವೆ ಮಾತು ದಾಟಿಸಿದ್ದು ಎಲಿಜಬೆತ್. ಕೆರಿಕೆರಿಯ ಅಂಗಳದಲ್ಲಿ ಆಟವಾಡುತ್ತ ಕಲಿತ ಭಾಷೆ, ಬಡಗಿಯ ಮಗಳನ್ನು ಅರಮನೆಯೊಳಗೆ ಕರಕೊಂಡು ಹೋಯ್ತು. ಹೊರಗಡೆ ನ್ಯೂಜಿಲೆಂಡ್‌ನಲ್ಲಿ ಅದೇ ರಾಣಿಯ ಸೈನ್ಯ ಅವರ ಶಿಷ್ಯರ ಊರುಗಳ ಮೇಲೆ ಯುದ್ಧ ಮಾಡುತ್ತಿತ್ತು ಎಂಬುದೂ ಅಷ್ಟೇ ನಿಜ.

ಐವತ್ತೈದಕ್ಕೆ ಹೊಸ ಕೆಲಸ, ಹೊಸ ಭಾಷೆ

1860ರ ದಶಕದ ಕೊನೆಗೆ ಅವರು ವಾಪಸ್ ಬಂದು, ತಾವು ಓದಿದ ಪೈಹಿಯಾದಲ್ಲೇ ಮಾವೋರಿ ಮಕ್ಕಳಿಗೆ ಶಾಲೆ ತೆರೆದರು. ಯುದ್ಧದಿಂದಾಗಿ ಮಿಷನರಿಗಳ ಮೇಲಿನ ಮಾವೋರಿಗಳ ನಂಬಿಕೆ ಬಹಳ ಕಡೆ ಮುರಿದುಹೋಗಿತ್ತು. ಹಳೇ ಕಾಲದ ಹಾಗೆ ಜನ ಬರುತ್ತಿರಲಿಲ್ಲ. ಬಂದಷ್ಟು ಮಕ್ಕಳಿಗೆ ಕಲಿಸಿದರು.

1876ರಲ್ಲಿ, ಐವತ್ತೈದರ ಹತ್ತಿರ, ಇನ್ನೊಂದು ಸಲ ಪೆಟ್ಟಿಗೆ ಕಟ್ಟಿದರು. ಈ ಸಲ ನಾರ್ಫೋಕ್ ದ್ವೀಪಕ್ಕೆ, ಆಕ್ಲೆಂಡ್‌ನಿಂದ ಸುಮಾರು 1,000 ಕಿ.ಮೀ. ದೂರ, ಸಮುದ್ರದ ನಡುವೆ. ಅಲ್ಲಿ ಮೆಲನೇಷಿಯನ್ ಮಿಷನ್‌ನ ಸೇಂಟ್ ಬಾರ್ನಬಸ್ ಶಾಲೆ ಇತ್ತು. ಬ್ಯಾಂಕ್ಸ್, ಸಾಲೊಮನ್ ಮುಂತಾದ ದ್ವೀಪಗಳಿಂದ ಮಿಷನ್ ಹಡಗು ಹುಡುಗ ಹುಡುಗಿಯರನ್ನು ಕರಕೊಂಡು ಬರುತ್ತಿತ್ತು. ಅವರು ಓದಿ, ಕೆಲಸ ಕಲಿತು ಊರಿಗೆ ಮರಳುತ್ತಿದ್ದರು.

ಅದೇ ದ್ವೀಪಗಳಿಂದ ಬೇರೆ ಹಡಗುಗಳೂ ಜನರನ್ನು ಒಯ್ಯುತ್ತಿದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಿತ್ತು. ಆಸೆ ತೋರಿಸಿ, ಮೋಸ ಮಾಡಿ, ಕೆಲವೊಮ್ಮೆ ಎಳೆದುಕೊಂಡೇ ಹೋಗುತ್ತಿದ್ದರು. ಬಿಳಿಯರ ಹಡಗು ಕಂಡರೆ ದ್ವೀಪದ ಜನ ಹೆದರುವ ಹಾಗಾಗಿತ್ತು. ಈ ಮಿಷನ್‌ನ ಬಿಷಪ್ ಪ್ಯಾಟಿಸನ್ 1871ರಲ್ಲಿ ನುಕಾಪು ಎಂಬ ದ್ವೀಪದಲ್ಲಿ ಕೊಲೆಯಾದದ್ದಕ್ಕೂ ಈ ಕೂಲಿ ಸಾಗಾಟದ ಸಿಟ್ಟೇ ಕಾರಣ ಅಂತ ಆಗಿನವರು ನಂಬಿದ್ದರು. ಅವರ ನೆನಪಿಗೆ ಕಟ್ಟಿದ ಚರ್ಚು 1880ರಲ್ಲಿ ಪೂರ್ತಿಯಾಗಿ ಇವತ್ತಿಗೂ ನಾರ್ಫೋಕ್‌ನಲ್ಲಿ ಇದೆ.

ಆ ಮಿಷನ್‌ನ ಮುಂದಿನ ಬಿಷಪ್ ಜಾನ್ ಸೆಲ್ವಿನ್. ಎಲಿಜಬೆತ್ ಅವರ ಮದುವೆಗೆ ಕಾರಣರಾದ ಹಳೆಯ ಬಿಷಪ್‌ರ ಮಗ. ಎಲಿಜಬೆತ್ ಮದುವೆಯಾದ ವೈಮಾತೆಯಲ್ಲೇ 1844ರಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಹಿಡಿದ ಕೆಲಸವನ್ನು ಎರಡನೇ ತಲೆಮಾರು ಅಲ್ಲಿ ನಡೆಸುತ್ತಿತ್ತು.

ಶಾಲೆಯಲ್ಲಿ ಹತ್ತಾರು ದ್ವೀಪದ ಮಕ್ಕಳು, ಹತ್ತಾರು ಭಾಷೆ. ಎಲ್ಲರಿಗೂ ಸಾಮಾನ್ಯವಾಗಿ ಮೊಟಾ ಎಂಬ ಪುಟ್ಟ ದ್ವೀಪದ ಭಾಷೆಯನ್ನು ಬಳಸುತ್ತಿದ್ದರು. ಎಲಿಜಬೆತ್ ಆ ವಯಸ್ಸಿನಲ್ಲಿ ಮೊಟಾ ಕಲಿತರು, ಅದರಲ್ಲಿ ಪಾಠ ಮಾಡಿದರು, ಅನುವಾದದ ಕೆಲಸಕ್ಕೂ ಕೈಜೋಡಿಸಿದರು. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಹೇಳಿಕೊಟ್ಟರು. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರು. 1898ರಲ್ಲಿ ಬಿಟ್ಟು ಬರುವಾಗ ಎಪ್ಪತ್ತಾರು ದಾಟಿತ್ತು.

ಮರುವರ್ಷ, 1899ರ ಫೆಬ್ರವರಿಯಲ್ಲಿ, ಕೋಲೆನ್ಸೊ ನೇಪಿಯರ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರು ಸಸ್ಯಶಾಸ್ತ್ರಜ್ಞ ಎಂದು ದೊಡ್ಡ ಹೆಸರು ಮಾಡಿದ್ದರು, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿದ್ದರು. ಮಗಳು ಫ್ರಾನ್ಸಿಸ್ ಮದುವೆಯಾಗಿ ಓಟಾಕಿಯಲ್ಲಿ ನೆಲೆಸಿದ್ದರು. ಎಲಿಜಬೆತ್ ಅವರ ಕೊನೆ ದಿನಗಳು ಅಲ್ಲಿ ಕಳೆದವು. 1904ರ ಸೆಪ್ಟೆಂಬರ್ 2ರಂದು ಕಣ್ಣುಮುಚ್ಚಿದರು.

ಉಳಿದದ್ದು ಏನು

ಅದೇ 1904ರಲ್ಲಿ ಆಕ್ಲೆಂಡ್‌ನಲ್ಲಿ ಫೇರ್‌ಬರ್ನ್ ಮನೆತನದಲ್ಲಿ ಒಂದು ಮಗು ಹುಟ್ಟಿತು. ಬಡಗಿ ಫೇರ್‌ಬರ್ನ್ ಅವರ ಮರಿಮಗ. ಮುಂದೆ ಎ. ಆರ್. ಡಿ. ಫೇರ್‌ಬರ್ನ್ ಎಂದು ನ್ಯೂಜಿಲೆಂಡ್‌ನ ಪ್ರಮುಖ ಕವಿಯಾದರು. ಆ ಮನೆತನದಲ್ಲಿ ಮಾತಿನ ಆಸ್ತಿ ಕರಗಲಿಲ್ಲ.

ನೆಲದ ಕಥೆ ಬೇರೆ ದಾರಿ ಹಿಡಿಯಿತು. ಮರೈತಾಯ್ ಸುತ್ತಮುತ್ತಲಿನ ಮೂಲ ಬುಡಕಟ್ಟು ನ್ಗಾಯ್ ತಾಯ್. ಅವರ ಪಾಲಿಗೆ ಆ ದೊಡ್ಡ ಜಾಗದಲ್ಲಿ ಉಳಿದದ್ದು ಸಣ್ಣ ತುಂಡು. ತಲೆಮಾರುಗಳ ಕಾಲ ಅರ್ಜಿ, ಅಲೆದಾಟ, ವಿಚಾರಣೆ ಆದ ಮೇಲೆ 2015ರಲ್ಲಿ ಸರಕಾರದ ಜೊತೆ ಒಪ್ಪಂದಕ್ಕೆ ಸಹಿ ಆಯಿತು, 2018ರಲ್ಲಿ ಅದು ಕಾಯ್ದೆಯಾಯಿತು. ಸರಕಾರ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು. 1836ರ ಪತ್ರದಿಂದ ಲೆಕ್ಕ ಹಾಕಿದರೆ 180 ವರ್ಷ ದಾಟಿತ್ತು. ಮನುಕಾವ್ ಪಕ್ಕದ ಓಟಾಹುಹುನಲ್ಲಿ ಫೇರ್‌ಬರ್ನ್ ಹೆಸರಿನ ರಸ್ತೆ ಇದೆ, ಶಾಲೆ ಇದೆ. ಆ ಬಡಾವಣೆಗಳಲ್ಲಿ ಈಗ ಸಮೋವಾ, ಟೊಂಗಾ, ಭಾರತ, ಫಿಜಿ ಮೂಲದ ಜನ ತುಂಬಿದ್ದಾರೆ. ಮನೆಯಲ್ಲಿ ಒಂದು ಭಾಷೆ, ಅಂಗಳದಲ್ಲಿ ಇನ್ನೊಂದು ಭಾಷೆ ಆಡುವ ಮಕ್ಕಳೇ ಅಲ್ಲಿ ಹೆಚ್ಚು.

ನಮ್ಮ ಕರಾವಳಿಗೂ ಇಂಥ ಮಕ್ಕಳ ಪರಿಚಯ ಇದೆ. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕೆಲಸ ಮಾಡಿದ ಯೊಹಾನೆಸ್ ಹೆಸ್ಸೆ ಅವರನ್ನು ಮದುವೆಯಾದರು. ಅವರ ಮಗ ಹರ್ಮನ್ ಹೆಸ್ಸೆ ಸಿದ್ಧಾರ್ಥ ಕಾದಂಬರಿ ಬರೆದು, 1946ರಲ್ಲಿ ನೊಬೆಲ್ ಪಡೆದರು. ಅಜ್ಜ, ಅಪ್ಪ, ಅಮ್ಮ ಭಾರತದಿಂದ ಮನೆಗೆ ಹೊತ್ತು ತಂದ ಮಾತು, ಪುಸ್ತಕ, ನೆನಪುಗಳ ನಡುವೆ ಬೆಳೆದ ಹುಡುಗ.

ಅಪ್ಪ ಅಮ್ಮನಿಗೆ ಗೌರವ ಕೊಡೋದು ಅಂದ್ರೆ ಅವರು ಮಾಡಿದ್ದೆಲ್ಲ ಸರಿ ಅಂತ ವಾದ ಮಾಡೋದಾ? ಎಲಿಜಬೆತ್ ಅವರ ಬದುಕಿನಲ್ಲಿ ಹಾಗೆ ಕಾಣುವುದಿಲ್ಲ. ಅಪ್ಪನ ಜಮೀನಿನ ಹಿಂದೆ ಅವರು ಹೋಗಲಿಲ್ಲ. ಅಪ್ಪ ಅಮ್ಮ ಯಾವ ಜನರ ನಡುವೆ ಬಂದು ಬಾಳಿದರೋ ಆ ಜನರ ಭಾಷೆಯನ್ನು, ಆ ಜನರ ಮಕ್ಕಳಿಗೆ ಕಲಿಸುವ ಕೆಲಸವನ್ನು ಮಾತ್ರ ಎತ್ತಿಕೊಂಡರು. ಮದುವೆ ಮುರಿದಾಗಲೂ, ಯುದ್ಧ ಬಂದಾಗಲೂ, ವಯಸ್ಸಾದಾಗಲೂ ಅದನ್ನು ಬಿಡಲಿಲ್ಲ. ಸಾರಾ ಮತ್ತು ವಿಲಿಯಂ ಎಂಬ ದಂಪತಿ ಹಡಗು ಹತ್ತಿ ಬಂದದ್ದರಲ್ಲಿ ಒಳ್ಳೆಯದು ಏನಿತ್ತೋ ಅದು ಮಗಳ ಕೈಲಿ ಇನ್ನೂ ಅರವತ್ತು ವರ್ಷ ನಡೆಯಿತು.

ಗಲ್ಫ್‌ನಲ್ಲಿ ದುಡಿಯುವ ಬಹಳ ಮಂದಿ ಊರಲ್ಲಿ ನಾಲ್ಕು ಸೆಂಟ್ಸ್ ಜಾಗ, ಒಂದು ಮನೆ ಮಾಡಿಟ್ಟರೆ ಮಕ್ಕಳಿಗೆ ಆಯ್ತು ಅಂತ ಲೆಕ್ಕ ಹಾಕ್ತಾರೆ. ಜಾಗ ಬೇಕು, ಮನೆಯೂ ಬೇಕು. ಜೊತೆಗೆ ಶುಕ್ರವಾರ ಸಂಜೆ ಮನೆಯಲ್ಲಿ ಮಕ್ಕಳ ಹತ್ತಿರ ಆಡುವ ಮಾತು, ಕೂಡಿ ಮಾಡುವ ಕೆಲಸ, ಪಕ್ಕದ ರೂಮಿನವರ ಕಷ್ಟಕ್ಕೆ ಅಪ್ಪ ಅಮ್ಮ ಓಡಿದ್ದನ್ನು ಮಕ್ಕಳು ನೋಡಿದ್ದು, ಇದೂ ಅವರ ಪಾಲಿಗೆ ಬರುವ ಆಸ್ತಿಯೇ. ಮನುಕಾವ್‌ನ ಬಡಗಿಯ ಮಗಳು ಎಂಬತ್ತಮೂರು ವರ್ಷ ಬದುಕಿದ್ದು ಆ ಪಾಲಿನಲ್ಲಿ.